ಪಿಂಡಾರಿ, ತಪೋವನ, ಎವರೆಸ್ಟ್ ಬೇಸ್ ಕ್ಯಾಂಪ್: ಗ್ಲೇಸಿಯರ್ ಟ್ರೆಕ್ಕಿಗೆ ಹೊಂಟವ್ರು ಇಳಿಯೂ ದಾರಿ ನೋಡಿ ಆರಿಸ್ರಿ

ನಮ್ಮ ಹುಬ್ಳಿ-ಧಾರವಾಡ ಕಡೆ ಟ್ರೆಕ್ಕಿಂಗ್ ಮಾಡೂ ಹುಡುಗ್ರು ಹುಡುಗ್ಯಾರು ಈಗ ಭಾಳ ಆಗ್ಯಾರ. ದಾಂಡೇಲಿ ಆತು, ಕೊಡಚಾದ್ರಿ ಆತು, ಕುಮಾರಪರ್ವತ ಆತು, ಮುಂದ ಹಿಮಾಲಯ, ಅದ್ರಾಗೂ ಗ್ಲೇಸಿಯರ್ರೇ (ಹಿಮನದಿನೇ) ಬೇಕು ಅಂತಾರ. ಕೇಳಾಕ ಬಂದವ್ರ ಬಾಯಾಗ ಮೂರ ಹೆಸರು ಇರ್ತಾವ: ಪಿಂಡಾರಿ, ಗೋಮುಖ-ತಪೋವನ, ಎವರೆಸ್ಟ್ ಬೇಸ್ ಕ್ಯಾಂಪ್. ಮೂರಕ್ಕೂ ನಾ ಹೋಗೇನಿ, ಅದ್ರಾಗ ಒಂದರಿಂದ ಅರ್ಧಕ್ಕ ವಾಪಸ್ ಬಂದೇನಿ, ಆ ವಾಪಸ್ ಬಂದದ್ದೇ ನಂಗ ಹೆಚ್ಚು ಕಲಿಸಿತು.

ಎಲ್ಲಾರೂ ಮೊದ್ಲ ಕೇಳೂದು "ಎಷ್ಟು ಎತ್ತರ ಐತಿ ರೀ?" ಅಂತ. ನಾ ತಿರುಗಿ ಕೇಳೂದು ಒಂದ ಮಾತು. ಅಲ್ಲೆ ಮ್ಯಾಲ ರಾತ್ರಿ ಎರಡು ಗಂಟೆಕ್ಕ ನಿಮಗ ಆರಾಮ ತಪ್ಪಿತು ಅಂತ ತಿಳ್ಕೋರಿ, ಎಷ್ಟು ತಾಸಿನ್ಯಾಗ ಒಂದು ಸಾವಿರ ಮೀಟರ್ ಕೆಳಗ ಇಳೀತೀರಿ, ಯಾವ ದಾರೀಲೆ ಇಳೀತೀರಿ, ಯಾರು ಹೊತ್ಕೊಂಡು ಇಳಸ್ತಾರ? ಈ ಮೂರಕ್ಕ ಉತ್ರ ಸಿಕ್ಕ ಮ್ಯಾಲ ಎತ್ತರದ ಲೆಕ್ಕ ತಾನ ಸಣ್ಣದು ಅನಸ್ತೈತಿ.

ಗ್ಲೇಸಿಯರ್ ಅಂದ್ರ ಏನು ಅಂತ ನಮ್ಮ ಜಿಲ್ಲೆಕ್ಕ ಯಾರೂ ಹೇಳಿಕೊಡೂದು ಬ್ಯಾಡ. ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವ್ರನ್ನ ಮರೆಯಾಕ ಆಗ್ತೈತೇನು? 2016ರ ಫೆಬ್ರುವರಿ 3ಕ್ಕ ಸಿಯಾಚಿನ್ ಒಳಗ ಸುಮಾರು 19,600 ಅಡಿ ಎತ್ತರದ ಪೋಸ್ಟ್ ಮ್ಯಾಲ ಹಿಮದ ಗೋಡಿ ಕುಸಿದು ಹತ್ತು ಸೈನಿಕರು ಸಿಕ್ಕೊಂಡ್ರು, ಆರು ದಿವಸದ ಮ್ಯಾಲ ಇಪ್ಪತ್ತೈದು-ಮೂವತ್ತು ಅಡಿ ಹಿಮದ ಕೆಳಗ ಇವ್ರೊಬ್ರು ಜೀವಂತ ಸಿಕ್ರು, ಇಡೀ ಊರ ದೇವ್ರಿಗೆ ಕೈಮುಗದು ಕುಂತಿತ್ತು, ಫೆಬ್ರುವರಿ 11ಕ್ಕ ದಿಲ್ಲಿ ದವಾಖಾನ್ಯಾಗ ತೀರ್ಕೊಂಡ್ರು. ಅವ್ರು ತರಬೇತಿ ಆದ ಸೈನಿಕರು, ದೇಶದ ಕೆಲಸಕ್ಕ ಅಲ್ಲೆ ಇದ್ದವ್ರು. ನಾವು ರಜಾ ಹಾಕಿ ನಮ್ಮ ಖುಷಿಗೆ ಹೋಗೂ ಮಂದಿ. ಆ ಹಿಮದ ಮುಂದ ಹೋಗಿ ನಿಲ್ಲೂ ಮೊದ್ಲ ಅದನ್ನ ಮನಸ್ಸಿನ್ಯಾಗ ಇಟ್ಕೋಬೇಕು ಅಂತ ನನಗ ಖರೇನ ಅನಸ್ತೈತಿ.

ಮೊದ್ಲ ಮೈಯಾಗ ಏನಾಗ್ತೈತಿ ತಿಳ್ಕೋರಿ

ಹುಬ್ಳಿ ಇರೂದು ಸಮುದ್ರಮಟ್ಟದಿಂದ 650 ಮೀಟರ್ ಆಸುಪಾಸು, ಧಾರವಾಡ 700ರ ಮ್ಯಾಲ. ನಮ್ಮ ರಾಜ್ಯದ ಎಲ್ಲಾಕಿಂತ ಎತ್ತರದ ಮುಳ್ಳಯ್ಯನಗಿರಿನೂ 1,930 ಮೀಟರ್. ಅಂದ್ರ ಕರ್ನಾಟಕದಾಗ ಎಷ್ಟ ಗುಡ್ಡ ಹತ್ತಿದ್ರೂ ನಿಮ್ಮ ಮೈಗೆ ಗಾಳಿ ಕಡಿಮಿ ಆದದ್ದು ಗೊತ್ತಾಗೂದೇ ಇಲ್ಲ. ಮ್ಯಾಲ ಹೋದಂಗ ಗಾಳಿಯೊಳಗಿನ ಆಕ್ಸಿಜನ್ ಪಾಲು ಅಷ್ಟ ಇರ್ತೈತಿ, 21 ಪರ್ಸೆಂಟ್, ಆದ್ರ ಗಾಳಿ ಒತ್ತಡನ ಇಳಿದುಹೋಗ್ತೈತಿ, ಹಿಂಗಾಗಿ ಒಂದೊಂದು ಉಸಿರಿಗೂ ಒಳಗ ಹೋಗೂ ಆಕ್ಸಿಜನ್ ಕಡಿಮಿ. ಸಮುದ್ರಮಟ್ಟದಾಗ ನೂರು ಅಂತ ಹಿಡಿದ್ರ ಪಿಂಡಾರಿ ಗ್ಲೇಸಿಯರ್ ನೋಡಾಕ ನಿಲ್ಲೂ ಝೀರೋ ಪಾಯಿಂಟ್‌ನ್ಯಾಗ ಅರವತ್ತೈದರ ಹತ್ರ, ತಪೋವನದಾಗ ಅರವತ್ತಕ್ಕೂ ಸ್ವಲ್ಪ ಕಡಿಮಿ, ಎವರೆಸ್ಟ್ ಬೇಸ್ ಕ್ಯಾಂಪ್‌ನ್ಯಾಗ ಹೆಚ್ಚುಕಡಿಮಿ ಅರ್ಧ. ಅಲ್ಲೆ ನೀರು 82-83 ಡಿಗ್ರಿಗೇ ಕುದೀತೈತಿ, ಕುಕ್ಕರ್ ಇಲ್ಲದ ಬ್ಯಾಳಿ ಬೇಯೂದಿಲ್ಲ.

ಇದಕ್ಕ ಮೈ ಹೊಂದ್ಕೊತೈತಿ, ಆದ್ರ ಅದಕ್ಕ ದಿವಸ ಬೇಕು. 3,000 ಮೀಟರ್ ದಾಟಿದ ಮ್ಯಾಲ ದಿವಸಕ್ಕ ಮಲಗೂ ಜಾಗ 500 ಮೀಟರಿಗಿಂತ ಹೆಚ್ಚು ಏರಬಾರ್ದು, ಮೂರ್ನಾಲ್ಕು ದಿವಸಕ್ಕ ಒಂದು ದಿವಸ ಅಲ್ಲೇ ನಿಲ್ಲಬೇಕು ಅನ್ನೂದು ಎತ್ತರದ ಜಡ್ಡು ನೋಡೂ ಡಾಕ್ಟರ್ ಮಂದಿ ಹೇಳೂ ನಿಯಮ. ಹಗಲಿ ಹೆಚ್ಚು ಹತ್ತಿ ಇಳದು ಬಂದ್ರ ನಡೀತೈತಿ, ಎಣಿಸಬೇಕಾದ್ದು ಮಲಗಿದ ಜಾಗದ ಎತ್ತರ. ಈ ಒಂದ ನಿಯಮ ಹಿಡ್ಕೊಂಡು ಮೂರೂ ಟ್ರೆಕ್ಕು ತೂಗಿ ನೋಡಿದ್ರ ಲೆಕ್ಕನ ಬ್ಯಾರೆ ಆಗ್ತೈತಿ, ಅದನ್ನ ಮುಂದ ಹೇಳ್ತೇನಿ.

ಹೊಂದ್ಕೊಳ್ಳದಿದ್ರ ಮೊದ್ಲ ತಲಿನೋವು, ವಾಕರಿಕಿ, ಊಟ ಬ್ಯಾಡ ಅನಸೂದು, ತಲಿ ತಿರಗೂದು. ನಮ್ಮ ಮಂದಿ ಇದಕ್ಕ "ಪಿತ್ತ ಆಗೇತಿ" ಅಂದುಬಿಡ್ತಾರ. ಮ್ಯಾಲ ತಲಿನೋವು ಬಂತಂದ್ರ ಅದು ಎತ್ತರದ್ದೇ ಅಂತ ಹಿಡೀಬೇಕು, ಬ್ಯಾರೆ ಕಾರಣ ಖಾತ್ರಿ ಆಗೂ ತನಕ ಒಂದು ಹೆಜ್ಜಿನೂ ಮ್ಯಾಲ ಹೋಗಬಾರ್ದು. ಇದು ಬಲಿತ್ರ ಎರಡು ದಾರಿ ಹಿಡೀತೈತಿ. ಒಂದು ಮಿದುಳಿಗೆ ನೀರು ಸೇರೂದು: ಮನಷ್ಯಾ ತೊದಲ್ತಾನ, ಕುಡದವ್ರ ಹಂಗ ನಡೀತಾನ, ಒಂದು ಗೆರಿ ಮ್ಯಾಲ ಹಿಮ್ಮಡಿಗೆ ಹೆಬ್ಬೆರಳು ಹಚ್ಚಿ ನಡೀ ಅಂದ್ರ ಆಗೂದಿಲ್ಲ. ಇನ್ನೊಂದು ಪುಪ್ಪುಸಕ್ಕ ನೀರು ಸೇರೂದು: ಸುಮ್ನ ಕುಂತಾಗೂ ತೇಕು, ಕೆಮ್ಮು, ಆಮ್ಯಾಲ ಕೆಂಪು ಬಣ್ಣದ ನೊರಿ ಕಫ. ಎರಡೂ ತಾಸಿನ ಲೆಕ್ಕದಾಗ ಜೀವ ತೆಗೀತಾವ. ಆಕ್ಸಿಜನ್ ಸಿಲಿಂಡರ್, ಗುಳಿಗಿ, ಇಂಜೆಕ್ಷನ್ ಎಲ್ಲಾ ಇಳಿಯೂ ತನಕ ಆಸರಕ್ಕ ಮಾತ್ರ, ಇಳಿಸೂದೇ ಔಷಧ. ಅದಕ್ಕ ಇಳಿಯೂ ದಾರಿ ಅಂತ ನಾ ಇಷ್ಟು ಬಡ್ಕೊಳ್ಳೂದು.

ಇನ್ನೊಂದು ಮಾತು ಜಿಮ್ಮಿಗೆ ಹೋಗೂ ಹುಡುಗ್ರಿಗೆ. ಎತ್ತರದ ಜಡ್ಡಿಗೂ ಮೈಕಟ್ಟಿಗೂ ಸಂಬಂಧ ಇಲ್ಲ. ಗಟ್ಟಿ ಇದ್ದವ ಲಗೂ ಲಗೂ ಹತ್ತತಾನ, ಲಗೂ ಹತ್ತಿದವ್ಗ ಲಗೂ ಹಿಡೀತೈತಿ. ಹೋದ ವರ್ಷ ಆರಾಮ ಇದ್ದವ್ಗ ಈ ವರ್ಷ ಬರಬಹುದು. "ನಾ ಕೇದಾರಕ್ಕ ಹೋಗಿ ಬಂದೇನಿ, ಏನೂ ಆಗಿಲ್ಲ" ಅಂತ ನಮ್ಮ ಮಾಮಾ ಹೇಳ್ತಾರ, ನಮ್ಮ ಕಡೆಯಿಂದ ಕೇದಾರಕ್ಕ ಹೋಗೂ ಭಕ್ತರು ಭಾಳ, ಅಲ್ಲಿ ರಾವಲ್ ಸ್ವಾಮಿಗಳೂ ನಮ್ಮ ಕರ್ನಾಟಕದ ವೀರಶೈವ ಪರಂಪರೆಯವ್ರೇ ಆಗಿರೂದರಿಂದ ಅದು ನಮಗ ಮನಿ ಇದ್ದಂಗ. ಆದ್ರ ಕೇದಾರ 3,580 ಮೀಟರ್, ಹೆಚ್ಚಿನವ್ರು ಒಂದು ರಾತ್ರಿ ಇದ್ದು ಇಳೀತಾರ, ಜಡ್ಡು ಪೂರಾ ತಲಿ ಎತ್ತೂದ್ರಾಗ ಕೆಳಗ ಬಂದಿರ್ತಾರ. ಅದನ್ನ ನೋಡಿ ನಾಲ್ಕೂವರೆ ಸಾವಿರದ ಮ್ಯಾಲ ಮಲಗಾಕ ಆಗ್ತೈತಿ ಅಂತ ಲೆಕ್ಕ ಹಾಕಬ್ಯಾಡ್ರಿ.

ಪಿಂಡಾರಿ: ಮೊದ್ಲನೇ ಸಲದವ್ರಿಗೆ ನಾ ಹೇಳೂದು ಇದನ್ನ

ಉತ್ತರಾಖಂಡದ ಬಾಗೇಶ್ವರ ಜಿಲ್ಲೆ, ಕುಮಾಊಂ ಸೀಮಿ. ದಿಲ್ಲಿ ತನಕ ಹೋಗಿ ಅಲ್ಲಿಂದ ಕಾಠಗೋದಾಮಕ್ಕ ರೈಲು, ಮುಂದ ಜೀಪು. ಖಾತಿ ಅನ್ನೂ ಊರು ಸುಮಾರು 2,200 ಮೀಟರ್, ಆಮ್ಯಾಲ ದ್ವಾಲಿ ಸುಮಾರು 2,600, ಫುರ್ಕಿಯಾ 3,200ರ ಹತ್ರ, ಅಲ್ಲಿಂದ ಒಂದು ಮುಂಜಾನೆ ಹೋಗಿ ಝೀರೋ ಪಾಯಿಂಟ್ ನೋಡಿ, ಅದು 3,650 ಹತ್ರ ಐತಿ, ವಾಪಸ್ ಫುರ್ಕಿಯಾಕ್ಕೋ ದ್ವಾಲಿಗೋ ಬಂದು ಮಲಗೂದು. ನೋಡ್ರಿ, ಮಲಗೂ ಜಾಗ 3,200 ದಾಟೂದೇ ಇಲ್ಲ. ಆರಾಮ ತಪ್ಪಿದ್ರ ಮೂರ್ನಾಲ್ಕು ತಾಸಿನ್ಯಾಗ ಓಕ್ ಮರದ ಅಡವಿಗೆ ಇಳದು ಬರ್ತೀರಿ, ಗಾಳಿ ದಪ್ಪ ಆದದ್ದು ಎದಿಗೆ ತಾನ ತಿಳೀತೈತಿ.

ಇಲ್ಲೆ ಹಿಮದ ಮ್ಯಾಲ ನಡಿಯೂದಿಲ್ಲ, ಗ್ಲೇಸಿಯರನ್ನ ಎದುರಿಗೆ ನಿಂತು ನೋಡೂದು. ಕೆಲವ್ರಿಗೆ ಇದು ಬ್ಯಾಸರ, "ಇಷ್ಟ ದೂರ ಬಂದು ಮುಟ್ಟಾಕಿಲ್ಲಾ?" ಅಂತಾರ. ಝೀರೋ ಪಾಯಿಂಟ್ ಅನ್ನೂದು ಮಣ್ಣು-ಕಲ್ಲಿನ ದಂಡಿ, ಅದು ವರ್ಷಾ ವರ್ಷಾ ಕುಸೀತೈತಿ, ಸೆಲ್ಫಿ ಸಲುವಾಗಿ ತುದಿಗೆ ಹೋಗಬ್ಯಾಡ್ರಿ, ಕೆಳಗ ಖಾಲಿ ಇರ್ತೈತಿ. ಈ ಟ್ರೆಕ್ಕಿನ ಖರೇ ಅಪಾಯ ಎತ್ತರದ್ದಲ್ಲ, ನೀರಿಂದು. ಹಳ್ಳಕ್ಕ ಹಾಕಿದ ಕಟಗಿ ಸೇತುವಿ ಮಳಿಗಾಲದಾಗ ಕೊಚ್ಚಿ ಹೋಗ್ತಾವ, ಗುಡ್ಡ ಜರೀತಾವ, ಹಿಂಗಾಗಿ ಜುಲೈ-ಆಗಸ್ಟ್ ಮಾತೇ ಎತ್ತಬ್ಯಾಡ್ರಿ. ಮೇ ಅರ್ಧದಿಂದ ಜೂನ್ ಅರ್ಧ, ಇಲ್ಲಾ ಸೆಪ್ಟೆಂಬರ್ ಕಡೀಕಿಂದ ಅಕ್ಟೋಬರ್. ಅಕ್ಟೋಬರ್ ಅಂದ್ರೂ ಹವಾ ನೋಡಬೇಕು, 2021ರ ಅಕ್ಟೋಬರ್‌ನ್ಯಾಗ ಬಿದ್ದ ಒಂದು ಹಿಮಕ್ಕ ಇದೇ ಬಾಗೇಶ್ವರದ ಸುಂದರಢುಂಗಾ ಕಣಿವ್ಯಾಗ ಬಂಗಾಳದ ಚಾರಣಿಗರು ಸತ್ರು.

ಮೈಗೆ ಬೀಳೂ ಭಾರ ಅಂದ್ರ ದಿವಸಕ್ಕ ಹನ್ನೆರಡು-ಹದಿನೈದು ಕಿಲೋಮೀಟರ್ ಏರಿಳಿತ, ಹೆಚ್ಚು ಪೆಟ್ಟು ಮೊಣಕಾಲಿಗೆ. ನಮ್ಮ ತಂಡದಾಗ ಐವತ್ತೆರಡು ವರ್ಷದ ಅಕ್ಕಾವ್ರು ಒಬ್ರು ಇದ್ರು, ಗದಗಿನ ಶಾಲಿ ಟೀಚರ್, ಎಲ್ಲಾರಕಿಂತ ಹಗೂರಕ ನಡದು ಎಲ್ಲಾರಕಿಂತ ಆರಾಮ ಮುಟ್ಟಿದ್ರು.

ಗೋಮುಖ-ತಪೋವನ: ಸಣ್ಣ ಟ್ರೆಕ್ಕು ಅಂತ ತಿಳ್ಕೊಂಡವ್ರು ಇದನ್ನ ಎರಡು ಸಲ ಓದ್ರಿ

ನಾ ವಾಪಸ್ ಬಂದದ್ದು ಇಲ್ಲಿಂದ. ಕಾಗದದ ಮ್ಯಾಲ ಭಾಳ ಸಸಾರ ಕಾಣಸ್ತೈತಿ: ಗಂಗೋತ್ರಿಯಿಂದ ಭೋಜಬಾಸಾ 14 ಕಿಲೋಮೀಟರ್, ಇನ್ನು ನಾಲ್ಕು ನಡದ್ರ ಗ್ಲೇಸಿಯರ್ ಬಾಯಿಂದ ಗಂಗಿ ಹೊರಗ ಬರೂ ಗೋಮುಖ, ಅಲ್ಲಿಂದ ಒಂದು ಏರು ಹತ್ತಿದ್ರ ತಪೋವನ, ಎದುರಿಗೆ 6,543 ಮೀಟರಿನ ಶಿವಲಿಂಗ ಶಿಖರ. ಎವರೆಸ್ಟ್ ಬೇಸ್ ಕ್ಯಾಂಪ್‌ಕಿಂತ ಒಂಬೈನೂರು ಮೀಟರ್ ತಗ್ಗು, ಅದಕ್ಕ ಇದು ಸುಲಭ ಅಂತ ಮಂದಿ ತಿಳೀತಾರ.

ಈಗ ಮಲಗೂ ಜಾಗದ ಲೆಕ್ಕ ಹಾಕ್ರಿ. ಋಷಿಕೇಶ 400 ಮೀಟರಿನೂ ಇಲ್ಲ. ಜೀಪಿನ್ಯಾಗ ಕುಂತು ಒಂದೋ ಎರಡೋ ದಿವಸಕ್ಕ ಗಂಗೋತ್ರಿ, 3,100. ಮರುದಿವಸ ಭೋಜಬಾಸಾ, ಸುಮಾರು 3,800. ಅದರ ಮರುದಿವಸ ತಪೋವನ, ಸುಮಾರು 4,450. ಅಂದ್ರ 3,000 ದಾಟಿದ ಮ್ಯಾಲೆ ಒಂದು ರಾತ್ರಿಗೆ ಏಳನೂರು, ಇನ್ನೊಂದು ರಾತ್ರಿಗೆ ಆರನೂರೈವತ್ತು ಏರಿದಂಗ ಆತು. 500ರ ನಿಯಮ ಎರಡೂ ದಿವಸ ಮುರೀತು. ಅದೇ ಎವರೆಸ್ಟ್ ಕಡೆ 4,400 ಮುಟ್ಟಾಕ ಐದು-ಆರು ದಿವಸ ತಗೋತಾರ. ಕಡಿಮಿ ಎತ್ತರದ ಟ್ರೆಕ್ಕು ಹೆಚ್ಚು ಅಪಾಯದ್ದು ಆಗೂದು ಹಿಂಗ.

ನಾವು ಹೋದಾಗ ಕರ್ಕೊಂಡ ಹೋದವ್ರು ರೊಕ್ಕ ಉಳಿಸಾಕ ಗಂಗೋತ್ರಿಯಾಗಿನ ಎರಡನೇ ರಾತ್ರಿ ತೆಗದು ಹಾಕಿದ್ರು, ನಮಗೂ ರಜಾ ಕಡಿಮಿ ಇತ್ತು, ನಾವೂ ಹೂಂ ಅಂದ್ವಿ. ಭೋಜಬಾಸಾದಾಗ ರಾತ್ರಿ ನನ್ನ ಕಾಕಾನ ಮಗ ಊಟ ಬ್ಯಾಡ ಅಂದ, ತಲಿ ಒಡದಂಗ ಆಗೇತಿ ಅಂದ, ಎರಡು ಸಲ ವಾಂತಿ ಆತು. "ಅಣ್ಣಾ ಇದು ಪಿತ್ತ ಐತಿ, ಮುಂಜಾನೆ ಲಿಂಬಿಹಣ್ಣಿನ ಶರಬತ್ತು ಕುಡದ್ರ ಸರಿ ಆಗ್ತೈತಿ, ನೀವು ಮುಂದ ನಡೀರಿ" ಅಂದ. ನಸುಕಿನ್ಯಾಗ ಎಬ್ಬಿಸಿ ನೆಲದಾಗ ಗೆರಿ ಎಳದು ನಡಿಸಿ ನೋಡಿದ್ನಿ, ಎರಡನೇ ಹೆಜ್ಜಿಗೆ ಬಾಗಿ ನನ್ನ ತೋಳು ಹಿಡ್ಕೊಂಡ. ಬೆಳಕಾಗೂದ್ರಾಗ ಇಳಿಯಾಕ ಶುರು ಮಾಡಿದ್ವಿ, ಗಂಗೋತ್ರಿ ದಾರಿ ನಡುವಿನ ಚೀಡಬಾಸಾದ ಹತ್ರ ಬಿಸ್ಕೀಟು ಕೇಳಿದ, ಗಂಗೋತ್ರಿಯೊಳಗ ಚಾ ಕುಡದ, ಉತ್ತರಕಾಶಿಗೆ ಬರೂದ್ರಾಗ ಹಾಡು ಹಚ್ಚಿದ್ದ. ಆ ಹೊತ್ತು ತಪೋವನದಾಗ ಇದ್ದಿದ್ರ? ಅಲ್ಲಿಂದ ಇಳಿಯೂದು ಅಂದ್ರ ಕಲ್ಲು ಜರಿಯೂ ಕಡಿದಾದ ಇಳಿಜಾರು, ಕತ್ತಲಾಗ ಹೊಂದಾಣಿಕಿ ತಪ್ಪಿದ ಮನಷ್ಯಾನ್ನ ಆ ದಾರೀಲೆ ಇಳಸಾಕ ನನ್ನ ಕೈಲೆ ಆಗ್ತಿದ್ದಿಲ್ಲ.

ಬ್ಯಾರೆ ಅಪಾಯನೂ ಅದಾವ. ಚೀಡಬಾಸಾ-ಭೋಜಬಾಸಾ ನಡುವ ಮ್ಯಾಲಿಂದ ಕಲ್ಲು ಉರುಳ್ತಾವ, ಬಿಸ್ಲು ಏರಿ ರಾತ್ರಿ ಕಟ್ಟಿದ ಮಂಜು ಕರಗಿದ ಮ್ಯಾಲ ಹೆಚ್ಚು, ಅದಕ್ಕ ಆ ಜಾಗ ಮುಂಜಾನೇನ ದಾಟಬೇಕು, ಅಲ್ಲೆ ನಿಂತು ಫೋಟೋ ತಗಿಯಬಾರ್ದು. ಹಳ್ಳದ ನೀರೂ ಹಂಗ, ಮುಂಜಾನೆ ಮೊಣಕಾಲ ಕೆಳಗ ಇದ್ದದ್ದು ಮಧ್ಯಾಹ್ನ ಸೊಂಟಕ್ಕ ಬರ್ತೈತಿ, ಯಾಕಂದ್ರ ಹಗಲಿ ಗ್ಲೇಸಿಯರ್ ಕರಗ್ತೈತಿ. ಗೋಮುಖದಾಗ ಗಂಗಾಜಲ ತುಂಬಾಕ ನಮ್ಮ ಮಂದಿ ಆ ಹಿಮದ ಬಾಯಿಯ ಬುಡಕ್ಕ ಹೋಗ್ತಾರ, ದಯಮಾಡಿ ಹೋಗಬ್ಯಾಡ್ರಿ, ಮನಿಯಷ್ಟು ದೊಡ್ಡ ಹಿಮದ ತುಂಡು ಅಲ್ಲಿಂದ ಯಾವಾಗ ಬೇಕಾದ್ರೂ ಕಳಚಿ ಬೀಳ್ತಾವ, ಐವತ್ತು ಮಾರು ಈಚೆಗೆ ಹರಿಯೂದೂ ಅದೇ ಗಂಗಿನೇ. ಪರವಾನಗಿ ಉತ್ತರಕಾಶಿ ಅರಣ್ಯ ಇಲಾಖೆಯಿಂದ, ದಿವಸಕ್ಕ 150 ಮಂದಿಗೆ ಮಾತ್ರ ಗೋಮುಖದ ಕಡೆ ಬಿಡ್ತಾರ. ಮಳಿಗಾಲದಾಗ ಈ ರಸ್ತೆ ಏನಾಗ್ತೈತಿ ಅನ್ನೂದು 2025ರ ಆಗಸ್ಟ್ 5ಕ್ಕ ಇದೇ ದಾರಿ ಮ್ಯಾಲಿನ ಧರಾಲಿ ಊರಿಗೆ ಕೆಸರು-ನೀರು ನುಗ್ಗಿದಾಗ ಎಲ್ಲಾರೂ ನೋಡೇವಿ.

ಹಂಗಂತ ಹೋಗಬ್ಯಾಡ್ರಿ ಅನ್ನೂದಿಲ್ಲ. ಹರ್ಷಿಲ್ ಒಳಗ ಒಂದು ರಾತ್ರಿ, ಗಂಗೋತ್ರಿಯೊಳಗ ಎರಡು, ಭೋಜಬಾಸಾದಾಗ ಎರಡು, ಇಷ್ಟು ದಿವಸ ಕೊಡಾಕ ಆಗ್ತಿದ್ರ ಹೋಗ್ರಿ. ರಜಾ ಇಲ್ಲಾಂದ್ರ ಭೋಜಬಾಸಾದಿಂದ ಗೋಮುಖ ನೋಡಿ ತಿರುಗ್ರಿ. ತಪೋವನದ ಏರಿಗೆ ಗೈಡ್ ಇಲ್ಲದ ಕಾಲಿಡೂ ಮಾತು ಬ್ಯಾಡ, ಗ್ಲೇಸಿಯರ್ ಸರದಂಗ ದಾರಿನೂ ಸರೀತೈತಿ, ಹೋದ ವರ್ಷದ ಜಿಪಿಎಸ್ ಗೆರಿ ಈ ವರ್ಷ ಕೊಳ್ಳಕ್ಕ ಒಯ್ಯಬಹುದು.

ಎವರೆಸ್ಟ್ ಬೇಸ್ ಕ್ಯಾಂಪ್: ಎತ್ತರ ಹೆಚ್ಚು, ಆಸರನೂ ಹೆಚ್ಚು

ನೇಪಾಳದಾಗ, 5,364 ಮೀಟರ್. ಹೆಸರು ಕೇಳಿದ್ರ ಎದಿ ಝಲ್ ಅಂತೈತಿ, ಆದ್ರ ಮೂರ್ರಾಗ ಛಲೋ ಯೋಜನಾ ಇರೂ ದಾರಿ ಇದೇ. ಲುಕ್ಲಾ 2,860, ಫಾಕ್ಡಿಂಗ್ ಇನ್ನೂ ತಗ್ಗು, ನಾಮ್ಚೆ ಬಜಾರ್ 3,440 ಅಲ್ಲೆ ಎರಡು ರಾತ್ರಿ, ತೆಂಗ್‌ಬೋಚೆ 3,860, ಡಿಂಗ್‌ಬೋಚೆ 4,410 ಅಲ್ಲೆ ಮತ್ತ ಎರಡು ರಾತ್ರಿ, ಲೋಬುಚೆ 4,940, ಗೋರಕ್ ಶೆಪ್ 5,164. ಕೆಲವು ಕಡೆ 500 ದಾಟ್ತೈತಿ, ಆದ್ರ ನಡುವ ನಿಲ್ಲೂ ದಿವಸ ಅದಾವ. ಪ್ರತಿ ಎರಡು-ಮೂರು ತಾಸಿಗೆ ಒಂದು ಊರು, ಒಂದು ಲಾಡ್ಜು, ಬಿಸಿನೀರು, ಮಲಗಾಕ ಗೋಡಿ-ಮಾಳಗಿ. ಖುಂದೆ ಊರಾಗ ಎಡ್ಮಂಡ್ ಹಿಲರಿ 1966ರಾಗ ಕಟ್ಟಿಸಿದ ದವಾಖಾನಿ ಐತಿ, ಫೆರಿಚೆಯೊಳಗ ಸೀಸನ್ ಟೈಮಿಗೆ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಡಾಕ್ಟರ್ ಕುಂತಿರ್ತಾರ. ಹವಾ ಸ್ವಚ್ಛ ಇದ್ರ ಹೆಲಿಕಾಪ್ಟರ್ ಬರ್ತೈತಿ. ನಾನು ಕೇಳಿದ್ನೆಲ್ಲಾ, ಎಷ್ಟು ತಾಸು, ಯಾವ ದಾರಿ, ಯಾರು ಇಳಸ್ತಾರ ಅಂತ? ಮೂರಕ್ಕೂ ಇಲ್ಲೆ ಉತ್ರ ಐತಿ.

ಆದ್ರ ಮೈಗೆ ಬೀಳೂ ಪೆಟ್ಟು ಬ್ಯಾರೆ ನಮೂನಿದು. ಹೋಗಿ ಬರೂದು ಕೂಡಿ ಸುಮಾರು 130 ಕಿಲೋಮೀಟರ್, ಹನ್ನೆರಡು-ಹದಿನಾಲ್ಕು ದಿವಸ. ಒಂದು ದಿವಸದ ನಡಿಗಿ ಯಾರಾದ್ರೂ ನಡೀತಾರ, ದಿವಸಾ ಆರು ತಾಸು ಹಿಂಗ ಹನ್ನೆರಡು ದಿವಸ ನಡಿಯೂದು, ಅದೂ ಹಸಿವಿ ಸತ್ತು, ನಿದ್ದಿ ಮುರದು, ರಾತ್ರಿ ಉಸಿರು ನಿಂತಂಗಾಗಿ ಎದ್ದು ಕುಂದ್ರತೀರಲ್ಲ ಅದು ಸಸಾರ ಅಲ್ಲ. ಲೋಬುಚೆಯೊಳಗ ಬೂಟು ಲೇಸ್ ಕಟ್ಟಿದ್ರೂ ತೇಕು ಹತ್ತತೈತಿ. ಒಣ ಗಾಳಿಗೆ ಬರೂ ಕೆಮ್ಮು ಮನಿಗೆ ಬಂದ ಮ್ಯಾಲೂ ಎರಡು ವಾರ ಇತ್ತು ನನಗ. ಬಾಯಿಗೆ ಬಫ್ ಕಟ್ಕೊಂಡು ನಡದ್ರ ಸ್ವಲ್ಪ ಕಡಿಮಿ. ಮತ್ತೊಂದು ಸಣ್ಣ ಮಾತು, ಯಾಕ್ ಸಾಲು ಎದುರಿಗೆ ಬಂದ್ರ ಗುಡ್ಡದ ಕಡೆ ಸರದು ನಿಲ್ಲರಿ, ಕೊಳ್ಳದ ಕಡೆ ನಿಂತ್ರ ಅದರ ಹೇರು ತಗಲಿ ಕೆಳಗ ಹೋಗ್ತೀರಿ.

ಬೇಸ್ ಕ್ಯಾಂಪ್ ಇರೂದೇ ಖುಂಬು ಗ್ಲೇಸಿಯರ್ ಮ್ಯಾಲ, ಕಡೀ ಸ್ವಲ್ಪ ದಾರಿ ಮಾತ್ರ ಕಲ್ಲು ಹೊದ್ದ ಹಿಮದ ಮ್ಯಾಲ ನಡೀತೀರಿ, ಹಗ್ಗ-ಗಿಗ್ಗ ಬೇಕಾಗೂದಿಲ್ಲ. ಲುಕ್ಲಾ ವಿಮಾನ ಹವಾಕ್ಕ ತಕ್ಕಂಗ ರದ್ದಾಗ್ತೈತಿ, ಎರಡು-ಮೂರು ದಿವಸ ಹೆಚ್ಚು ಕೈಯಾಗ ಇರಲಿ, ಇಲ್ಲಾಂದ್ರ ಬೆಂಗ್ಳೂರು ಫ್ಲೈಟ್ ತಪ್ಪತೈತಿ ಅಂತ ಮಂದಿ ನಾಮ್ಚೆಯೊಳಗಿನ ರೆಸ್ಟ್ ದಿವಸಾನ ಕಡೀತಾರ, ಎಲ್ಲಾಕಿಂತ ಕೆಟ್ಟ ಉಳಿತಾಯ ಅದು. ಇನ್ಶೂರೆನ್ಸ್ ತಗೊಳ್ಳಾಗ 6,000 ಮೀಟರ್ ತನಕ, ಹೆಲಿಕಾಪ್ಟರ್ ರೆಸ್ಕ್ಯೂ ಕೂಡಿ ಅಂತ ಪಾಲಿಸಿಯೊಳಗ ಬರದಿದ್ದು ನಿಮ್ಮ ಕಣ್ಣಿಲೆ ಓದ್ರಿ. ಖರ್ಚಿನ್ಯಾಗ ಮೂರ್ರಾಗ ಇದೇ ದುಬಾರಿ, ಪಿಂಡಾರಿ ಎಲ್ಲಾಕಿಂತ ಅಗ್ಗ.

ಹಿಮದ ಮ್ಯಾಲೇ ನಡೀಬೇಕು ಅನ್ನವ್ರಿಗೆ

ಕಾಲಿಂದಿ ಖಾಲ್, ಆಡೆನ್ಸ್ ಕಾಲ್ (ಹಿಮದ ಗುಡ್ಡಸಾಲು ದಾಟೂ ಎತ್ತರದ ದಾರಿ) ಅಂತ ಹೆಸರು ಹೇಳ್ಕೊಂಡು ಬರೂ ಹುಡುಗ್ರು ಅದಾರ. ಗಂಗೋತ್ರಿಯಿಂದ ಬದರಿನಾಥಕ್ಕ ಹೋಗೂ ಕಾಲಿಂದಿ ಖಾಲ್ ಸುಮಾರು 5,950 ಮೀಟರ್, ಆಡೆನ್ಸ್ ಕಾಲ್ 5,490. ಇವು ಟ್ರೆಕ್ಕು ಅಲ್ಲ, ಪರ್ವತಾರೋಹಣ. ಇಲ್ಲೆ ಇಳಿಯೂ ದಾರಿ ಅಂತ ಹೇಳಾಕ ಏನೂ ಇಲ್ಲ, ನಡುವ ಸಿಕ್ರ ಹಿಂದೂ ದೂರ ಮುಂದೂ ದೂರ.

ಗ್ಲೇಸಿಯರ್ ಅಂದ್ರ ನಿಂತ ಬರ್ಫ್ ಅಲ್ಲ, ಜೋನಿಬೆಲ್ಲ ತಾಟಿನ್ಯಾಗ ಹರದಂಗ ಭಾಳ ಹಗೂರಕ ಹರಿಯೂ ಹಿಮ. ಹೊರಳೂ ಕಡೆ, ಇಳಿಜಾರ ಬಂದ ಕಡೆ ಅದು ಬಿರೀತೈತಿ. ಬ್ಯಾಸಿಗ್ಯಾಗ ನಮ್ಮ ಎರಿ ಹೊಲ ಬಿರೀತಾವಲ್ಲ, ಕಾಲು ಸಿಗೂವಷ್ಟು ಬಿರಕು, ಅದನ್ನ ಆಳಿನ ಮ್ಯಾಲ ಆಳು ನಿಂತ್ರೂ ಕಾಣದಷ್ಟು ಆಳ ಮಾಡಿ ನೋಡ್ರಿ, ಮ್ಯಾಲ ಹೊಸಾ ಹಿಮ ಬಿದ್ದು ಬಾಯಿ ಮುಚ್ಚಿರ್ತೈತಿ. ಅದಕ್ಕ ಒಬ್ಬರಿಗೊಬ್ರು ಹಗ್ಗ ಕಟ್ಕೊಂಡು ಅಂತರ ಇಟ್ಟು ನಡಿಯೂದು, ಬಿಸ್ಲಿಗೆ ಆ ಮುಚ್ಚಳಾ ಮೆತ್ತಗ ಆಗೂ ಮೊದ್ಲ, ನಸುಕಿನ್ಯಾಗನ ದಾಟೂದು. ಕ್ರ್ಯಾಂಪಾನ್ (ಬೂಟಿಗೆ ಕಟ್ಟೂ ಕಬ್ಬಿಣದ ಮುಳ್ಳು), ಐಸ್ ಆಕ್ಸ್ (ಹಿಮದ ಕೊಡಲಿ), ಹಾರ್ನೆಸ್ (ಹಗ್ಗ ಕಟ್ಟೂ ಸೊಂಟದ ಪಟ್ಟಿ) ಬಾಡಿಗಿಗೆ ಸಿಗ್ತಾವ, ಬಿರಕಿನ್ಯಾಗ ಬಿದ್ದವನ್ನ ಎಳಿಯೂ ವಿದ್ಯಾ ಬಾಡಿಗಿಗೆ ಸಿಗೂದಿಲ್ಲ. ಅದನ್ನ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ, ಇಲ್ಲಾ ಡಾರ್ಜಿಲಿಂಗ್, ಮನಾಲಿ ಸಂಸ್ಥೆಯೊಳಗ ಬೇಸಿಕ್ ಕೋರ್ಸ್ ಮಾಡಿ ಕಲೀಬೇಕು, ಹೆಚ್ಚುಕಡಿಮಿ ಒಂದು ತಿಂಗಳದ್ದು. ಕಲತ ಮ್ಯಾಲೂ ಗ್ಯಾರಂಟಿ ಅಂತಲ್ಲ, 2022ರ ಅಕ್ಟೋಬರ್ 4ಕ್ಕ ದ್ರೌಪದಿ ಕಾ ಡಾಂಡಾ ಶಿಖರದ ಮ್ಯಾಲ ಅದೇ ಉತ್ತರಕಾಶಿ ಸಂಸ್ಥೆಯ ತರಬೇತಿ ತಂಡದ ಮ್ಯಾಲ ಹಿಮ ಕುಸಿದು 29 ಮಂದಿ ಹೋದ್ರು, ಗುರುಗಳೂ ಇದ್ರು ಶಿಷ್ಯರೂ ಇದ್ರು.

ಥಂಡಿ ಬಗ್ಗೆ, ಯಾಕಂದ್ರ ನಮಗ ಅದು ಗೊತ್ತೇ ಇಲ್ಲ

ಹುಬ್ಳಿ ಬಿಸ್ಲಾಗ ಬೆಳದ ಮೈಗೆ ಥಂಡಿ ಅಂದ್ರ ಡಿಸೆಂಬರ್‌ನ್ಯಾಗ ಒಂದು ಸ್ವೆಟರ್. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಹಾದ್ಯಾಗ 22 ಮಂದಿಯ ತಂಡ, ಹೆಚ್ಚಿನವ್ರು ನಮ್ಮ ಕರ್ನಾಟಕದವ್ರು, ಹಿಮಗಾಳಿಗೆ ಸಿಕ್ಕು 9 ಮಂದಿ ತೀರ್ಕೊಂಡ್ರು. ಅಲ್ಲೆ ಹಿಮದ ಬಿರಕೂ ಇರ್ಲಿಲ್ಲ, ಹಿಮ ಕುಸೀಲೂ ಇಲ್ಲ, ಹವಾ ಕೆಟ್ಟು ದಾರಿ ಕಾಣದಂಗ ಆಗಿ ಥಂಡ್ಯಾಗ ಸಿಕ್ಕೊಂಡದ್ದು. ಅವ್ರಾಗ ಅನುಭವ ಇದ್ದವ್ರೂ ಇದ್ರು. ಆ ಸುದ್ದಿ ಓದಿದ ರಾತ್ರಿ ನಾ ಮಲಗಲಿಲ್ಲ.

ಸಾವಿರ ಮೀಟರಿಗೆ ಹೆಚ್ಚುಕಡಿಮಿ ಆರೂವರೆ ಡಿಗ್ರಿ ಥಂಡಿ ಏರ್ತೈತಿ, ಗಾಳಿ ಬೀಸಿದ್ರ ಮೈಗೆ ತಗಲೂದು ಇನ್ನೂ ಹೆಚ್ಚು, ಮೈ ಹಸಿ ಇದ್ರ ಅದಕ್ಕೂ ಹೆಚ್ಚು. ಅದಕ್ಕ ಕಾಟನ್ ಬನಿಯನ್, ಜೀನ್ಸ್ ಮನ್ಯಾಗ ಬಿಟ್ಟು ಹೋಗ್ರಿ, ಬೆವತ್ರ ಅವು ಒಣಗೂದಿಲ್ಲ. ಮೊದ್ಲ ನಡುಗ್ತಾನ, ಆಮ್ಯಾಲ ಬೆರಳು ಆಡೂದಿಲ್ಲ, ಮಾತು ತೊದಲ್ತೈತಿ, ನಡುಗೂದು ತಾನ ನಿಂತುಬಿಟ್ರ ಆರಾಮ ಆತು ಅಂತ ತಿಳೀಬ್ಯಾಡ್ರಿ, ಅದು ಕೆಟ್ಟ ಗುರ್ತು. ರೇನ್‌ಕೋಟು, ಒಣಾ ಸಾಕ್ಸು, ಹೆಡ್‌ಟಾರ್ಚು, ಶೇಂಗಾ ಚಿಕ್ಕಿ ಯಾವಾಗ್ಲೂ ನಿಮ್ಮ ಬೆನ್ನಿನ ಬ್ಯಾಗಿನ್ಯಾಗ ಇರಲಿ, ಹೇಸರಗತ್ತಿ ಮ್ಯಾಲ ಹೋದ ದೊಡ್ಡ ಬ್ಯಾಗಿನ್ಯಾಗ ಇದ್ರ ಹಿಮಗಾಳ್ಯಾಗ ಅದು ಎಲ್ಲೋ ನೀವು ಎಲ್ಲೋ. ಬಿಸ್ಲಿಗೂ ಹುಷಾರು: ಹೊಸಾ ಹಿಮ ಎಂಬತ್ತು ಪರ್ಸೆಂಟ್ ತನಕ ಬೆಳಕು ತಿರುಗಿ ಕಣ್ಣಿಗೆ ಹೊಡೀತೈತಿ, ಸಾದಾ ಕೂಲಿಂಗ್ ಗ್ಲಾಸ್ ನಡಿಯೂದಿಲ್ಲ, ಬದೀಗೂ ಮುಚ್ಚೂ ಯುವಿ ಕನ್ನಡಕ ಬೇಕು, ಇಲ್ಲಾಂದ್ರ ರಾತ್ರಿ ಕಣ್ಣಾಗ ಉಸುಕು ಹಾಕಿದಂಗ ಉರೀತೈತಿ.

ತಯಾರಿ ನಮ್ಮ ಊರಾಗ

ಗಾಳಿ ಕಡಿಮಿ ಇರೂ ಜಾಗ ನಮ್ಮ ಹತ್ರ ಇಲ್ಲ, ಹಿಂಗಾಗಿ ಕಾಲು, ಮೊಣಕಾಲು, ದಮ್ಮು ಇಷ್ಟ ಇಲ್ಲೆ ತಯಾರ ಮಾಡಾಕ ಬರೂದು, ಅದಕ್ಕ ಮೂರು ತಿಂಗಳು ಬೇಕು. ಹುಬ್ಳಿಯವ್ರಿಗೆ ನೃಪತುಂಗ ಬೆಟ್ಟ ಐತಿ, ಎಂಟು-ಹತ್ತು ಲೀಟರ್ ನೀರಿನ ಬಾಟ್ಲಿ ಬ್ಯಾಗಿನ್ಯಾಗ ಹಾಕ್ಕೊಂಡು ಹತ್ರಿ, ಮ್ಯಾಲ ಗಿಡಕ್ಕ ನೀರು ಸುರದು ಹಗೂರ ಬ್ಯಾಗ್ ತಗೊಂಡು ಇಳೀರಿ, ಮೊಣಕಾಲು ಉಳೀತಾವ. ಕಡೀ ತಿಂಗಳು ಭಾರ ಇಟ್ಕೊಂಡೇ ಇಳೀರಿ, ಯಾಕಂದ್ರ ತೊಡಿ ಹಣ್ಣಾಗೂದು ಇಳಿಯಾಗ. ಧಾರವಾಡದಾಗ ಯುನಿವರ್ಸಿಟಿ ಏರಿಳಿತ ಸಾಕು. ಗದಗಿನವ್ರಿಗೆ ಕಪ್ಪತಗುಡ್ಡ, ಅರಣ್ಯ ಇಲಾಖೆ ಕೇಳ್ಕೊಂಡು ಹೋಗ್ರಿ. ಹಾವೇರಿಯವ್ರು ಮನಿ ಹತ್ರ ಗುಡ್ಡ ಇಲ್ಲ ಅಂತಾರ, ಮೂರು ಅಂತಸ್ತಿನ ಮೆಟ್ಲ ಇಪ್ಪತ್ತು ಸಲ ಹತ್ತಿ ಇಳದ್ರ ಅದೂ ಗುಡ್ಡನ. ಪರೀಕ್ಷಾ ಅಂದ್ರ ಇಷ್ಟ: ರವಿವಾರ ಬ್ಯಾಗ್ ಹೊತ್ತು ನಾಲ್ಕು ತಾಸು ನಡದು, ಸೋಮವಾರ ಮತ್ತ ನಾಲ್ಕು ತಾಸು ನಡಿಯಾಕ ಕಾಲು ಒಪ್ಪಬೇಕು.

ದವಾಖಾನಿಗೆ ಒಮ್ಮೆ ಹೋಗಿ ಬಿಪಿ, ಸಕ್ರಿ, ಹಿಮೋಗ್ಲೋಬಿನ್ ನೋಡಿಸ್ರಿ, ಹೆಣ್ಮಕ್ಕಳು ಹಿಮೋಗ್ಲೋಬಿನ್ ತಪ್ಪದ ನೋಡಿಸ್ರಿ, ರಕ್ತ ಕಡಿಮಿ ಇದ್ರ ಮ್ಯಾಲ ಇನ್ನೂ ತ್ರಾಸು. ಎತ್ತರದ ಜಡ್ಡು ತಡಿಯಾಕ ತಗೊಳ್ಳೂ ಡೈಮಾಕ್ಸ್ ಗುಳಿಗಿ ಸಾಮಾನ್ಯ 125 ಮಿಲಿಗ್ರಾಂ ಎರಡು ಹೊತ್ತು ಅಂತ, ಏರೂ ಹಿಂದಿನ ದಿವಸದಿಂದ ಕೊಡ್ತಾರ, ಸಲ್ಫಾ ಅಲರ್ಜಿ ಇದ್ದವ್ರಿಗೆ ಆಗೂದಿಲ್ಲ, ಅದಕ್ಕ ಡಾಕ್ಟರ್‌ನ ಕೇಳೇ ತಗೋಬೇಕು. ಆ ಗುಳಿಗಿ ತಗೊಂಡೇನಿ ಅಂತ ರೆಸ್ಟ್ ದಿವಸ ಕಡಿಯಾಕ ಹೋಗಬ್ಯಾಡ್ರಿ. ಊಟದ ಮಾತು: ಮ್ಯಾಲ ಬಾಯಿ ಕೆಡ್ತೈತಿ, ಆಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಳಗ ಹೋಗ್ತಾವ, ಕರದಂಟು ಅಂತೂ ಥಂಡಿಗೆ ಕಲ್ಲಿನಂಗ ಆದ್ರೂ ಬಾಯಾಗ ಇಟ್ಕೊಂಡ್ರ ಕರಗ್ತೈತಿ, ಪೇಟೆಯ ಎನರ್ಜಿ ಬಾರ್‌ಕಿಂತ ನನಗ ಅದೇ ಆಗಿಬಂದೈತಿ. ನೀರು ದಿವಸಕ್ಕ ಮೂರು-ನಾಲ್ಕು ಲೀಟರ್, ನೀರಡಿಕಿ ಆಗದಿದ್ರೂ.

ಕರ್ಕೊಂಡು ಹೋಗೂ ಕಂಪನಿಯವ್ರನ್ನ ರೊಕ್ಕ ಕೊಡೂ ಮೊದ್ಲ ಕೇಳ್ರಿ: ಯಾವ ರಾತ್ರಿ ಎಷ್ಟು ಎತ್ತರದಾಗ ಮಲಗೂದು, ಹವಾ ಕೆಟ್ರ ವಾಪಸ್ ಬರೂ ನಿರ್ಧಾರ ಯಾರದು, ಎಷ್ಟು ಮಂದಿಗೆ ಒಬ್ಬ ಗೈಡ್, ಒಬ್ರಿಗೆ ಆರಾಮ ತಪ್ಪಿದ್ರ ಅವ್ರ ಕೂಡ ಇಳಿಯಾಕ ಹೆಚ್ಚಿನ ಗೈಡ್ ಅದಾನೋ ಇಲ್ಲೋ. ಕಡೀದಕ್ಕ ಗೊಣಗಿದ್ರ ಬ್ಯಾರೆ ಕಂಪನಿ ನೋಡ್ರಿ. ನಮಗ ಆಗ ಭೋಜಬಾಸಾದಾಗ ಹೆಚ್ಚಿನ ಗೈಡ್ ಇರ್ಲಿಲ್ಲ, ನಾ ಇಳದ್ನಿ, ಇಡೀ ತಂಡ ಅಲ್ಲೇ ನಿಲ್ಲಬೇಕಾತು.

ಮೊದ್ಲನೇ ಸಲ, ರಜಾ ಹತ್ತು ದಿವಸ, ಕೂಡ ಅಪ್ಪಾ-ಅವ್ವಾ ವಯಸ್ಸಿನವ್ರು ಅದಾರ ಅಂದ್ರ ಪಿಂಡಾರಿ. ಎರಡನೇ ಸಲ, ರಜಾ ಹದಿನೆಂಟು ದಿವಸ, ಕೈಯಾಗ ರೊಕ್ಕ ಐತಿ ಅಂದ್ರ ಎವರೆಸ್ಟ್ ಬೇಸ್ ಕ್ಯಾಂಪ್. ತಪೋವನನ್ನ ನಾ ಅದರ ನಂತರ ಇಡ್ತೇನಿ, ಮೊದ್ಲಲ್ಲ, ಎತ್ತರ ಕಡಿಮಿ ಇದ್ರೂ. ನನ್ನ ಕಾಕಾನ ಮಗ ಈಗ ಮತ್ತ ತಪೋವನಕ್ಕ ಹೋಗೂಣು ಅಂತ ಹಟ ಹಿಡದಾನ, ಬರೂ ಸೆಪ್ಟೆಂಬರ್‌ಕ್ಕ ಅಂತ ಲೆಕ್ಕ ಹಾಕೇವಿ, ಹನ್ನೆರಡು ದಿವಸ ರಜಾ ಬರದು ಕೊಟ್ಟಾನ, ಗಂಗೋತ್ರಿಯೊಳಗ ಎರಡು ರಾತ್ರಿ ರೂಮು ಬುಕ್ ಮಾಡೂದು ಅವನ ಪಾಲಿನ ಕೆಲಸ.